ಸತ್ಯಾಂಶ: ಸಣ್ಣ ನಾಯಿಗೆ ವಾಕಿಂಗೂ ಬೇಡ, ಲಸಿಕೆಯೂ ಬೇಡವೇ?

"ಪಗ್, ಪಾಮೇರಿಯನ್ ಮನೆಯೊಳಗೇ ಇರುತ್ತವೆ, ವಾಕಿಂಗ್ ಬೇಡ, ರೇಬಿಸ್ ಲಸಿಕೆ ಬೇಡ, ನಾವು ತಿಂದದ್ದೇ ಸಾಕು" ಎಂಬ ವಾಟ್ಸಾಪ್ ಸಂದೇಶ ಮೂರಕ್ಕೆ ಮೂರೂ ತಪ್ಪು.

ಲಸಿಕೆಯಲ್ಲಿ ಚೌಕಾಸಿ ಇಲ್ಲ. ಮರಿಗೆ 3 ತಿಂಗಳಾದಾಗ ರೇಬಿಸ್ ಚುಚ್ಚುಮದ್ದು, ನಂತರ ವೈದ್ಯರು ಹೇಳಿದಂತೆ ಪ್ರತಿವರ್ಷ. ಗೇಟು ದಾಟದ ನಾಯಿಗೂ ಕಾಂಪೌಂಡಿಗೆ ನುಗ್ಗಿದ ಬೀದಿನಾಯಿ ಕಚ್ಚಬಹುದು.

ದಿನಕ್ಕೆರಡು ಬಾರಿ 15–20 ನಿಮಿಷ ನಡಿಗೆ ಬೇಕು. ದಾವಣಗೆರೆಯ ಬೇಸಿಗೆಯಲ್ಲಿ ಬೆಳಿಗ್ಗೆ 7ರೊಳಗೆ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಅಂಗೈ ಹಿಂಬದಿಯನ್ನು ಡಾಂಬರಿನ ಮೇಲೆ 7 ಸೆಕೆಂಡ್ ಇಡಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಪಗ್‌ನ ಮೊಂಡು ಮೂಗಿಗೆ ಅದೇ ಕಷ್ಟ. ಮಧ್ಯಾಹ್ನ ಶೀಟಿನ ಮನೆಯಲ್ಲಿ ಕೂಡಿಹಾಕಿ ಹೋಗುವವರು ಪಗ್ ಆಸೆ ಬಿಡುವುದೇ ಒಳ್ಳೆಯದು.

ಬೆಣ್ಣೆದೋಸೆ ಚೂರು ಹಾಕುವುದು ಪ್ರೀತಿಯೇನೋ ಸರಿ. ಆದರೆ ಪಲ್ಯದ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೆಣ್ಣೆಯ ಜಿಡ್ಡು ಮೇದೋಜೀರಕ ಗ್ರಂಥಿಗೆ ಉರಿಯೂತ ತರಬಹುದು. 4 ಕಿಲೋ ನಾಯಿಗೆ ಚೂರೂ ದೊಡ್ಡದೇ.

ಮನೆಯಲ್ಲಿ ಎರಡು-ಮೂರು ವರ್ಷದ ಮಗುವಿದ್ದರೆ ಇನ್ನೊಮ್ಮೆ ಯೋಚಿಸಿ. ಎತ್ತಿಕೊಂಡು ಕೈಜಾರಿಸಿದರೆ ಪುಟ್ಟ ತಳಿಯ ಮುಂಗಾಲು ಮುರಿಯುವುದು ಸಾಮಾನ್ಯ. ಒಟ್ಟು 12–15 ವರ್ಷದ ಜವಾಬ್ದಾರಿ ಇದು.