ಟವೆಲ್ಲಿನ ಕೆಳಗೆ ಮ್ಯಾಂಚೆಸ್ಟರ್

ನಮ್ಮ ದನಗಳ ಜಾತ್ರೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ದಲ್ಲಾಳಿಯ ಕೈ ಎರಡರ ಮೇಲೂ ಒಂದು ಟವೆಲ್ ಹಾಸಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿಯುತ್ತಾರೆ, ಬಿಡುತ್ತಾರೆ, ಮತ್ತೊಂದು ಬೆರಳು ಹಿಡಿಯುತ್ತಾರೆ. ಮುಖ ನೋಡಿದರೆ ಸಾವಿನ ಮನೆಗೆ ಬಂದವರಂತೆ ಇರುತ್ತದೆ. ಸುತ್ತ ನಿಂತ ಹತ್ತು ಮಂದಿ ಮಾತ್ರ ಟವೆಲ್ಲನ್ನೇ ದಿಟ್ಟಿಸುತ್ತ, “ಎಪ್ಪತ್ತಕ್ಕೆ ನಿಂತಿದೆ”, “ಎಲ್ಲಿಯ ಎಪ್ಪತ್ತು, ಎಂಬತ್ತು ದಾಟಿತು” ಎಂದು ಪಿಸುಗುಟ್ಟುತ್ತಿರುತ್ತಾರೆ. ಅವರಲ್ಲಿ ಒಬ್ಬನಿಗೂ ಹಸು ಬೇಕಿಲ್ಲ, ಕೊಳ್ಳಲು ದುಡ್ಡೂ ಇಲ್ಲ. ಆದರೂ ಟವೆಲ್ ಒಮ್ಮೆ ಅಲುಗಿದರೆ ಸಾಕು, ಊಟದ ಹೊತ್ತು ಮೀರಿದ್ದು ನೆನಪಾಗುವುದಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳು ಮಾರಾಟವಾಗುವುದೂ ಹೀಗೆಯೇ. ಅಲ್ಲಿ ಟವೆಲ್ಲಿಗೆ ‘ವ್ಯೂಹಾತ್ಮಕ ಪರ್ಯಾಯಗಳ ಪರಿಶೀಲನೆ’ ಎಂದು ಹೆಸರು. ದಲ್ಲಾಳಿ ಕೋಟು ತೊಟ್ಟು ನ್ಯೂಯಾರ್ಕಿನಲ್ಲಿ ಕುಳಿತಿರುತ್ತಾನೆ. ಸುತ್ತ ನಿಂತವರು ಹತ್ತು ಮಂದಿಯಲ್ಲ, ಕೋಟಿಗಟ್ಟಲೆ. ಅವರಲ್ಲಿ ಒಬ್ಬ ಜಯನಗರದ ನನ್ನ ಗೆಳೆಯ.

ಈತ ಮ್ಯಾಂಚೆಸ್ಟರ್ ಯುನೈಟೆಡ್‌ನ ಪರಮ ಭಕ್ತ. ಮ್ಯಾಂಚೆಸ್ಟರನ್ನು ಕಣ್ಣಾರೆ ಕಂಡವನಲ್ಲ. 2023ರ ಮಾರ್ಚ್ 22ರಂದು ಕ್ಲಬ್ಬಿಗೆ ಎರಡನೆಯ ಸುತ್ತಿನ ಬೆಲೆ ಕೂಗಲು ಕೊನೆಯ ಗಡುವು. ಬ್ರಿಟನ್ನಿನ ರಾತ್ರಿ ಒಂಬತ್ತು ಗಂಟೆ ಎಂದರೆ ನಮ್ಮಲ್ಲಿ ಬೆಳಗಿನ ಜಾವ ಎರಡೂವರೆ. ಮರುದಿನ ಕಚೇರಿಯಲ್ಲಿ ಲೆಕ್ಕ ಒಪ್ಪಿಸಬೇಕಾದ ಮನುಷ್ಯ, ನಡುಮನೆಯ ದೀಪ ಆರಿಸಿ, ಮೊಬೈಲ್ ಬೆಳಕಿನಲ್ಲಿ ಮುಖ ಬೆಳಗಿಸಿಕೊಂಡು ಕುಳಿತಿದ್ದ. ಬೆಲೆ ಬಂತು ಎಂದು ಒಂದು ಸುದ್ದಿ. ಇಲ್ಲ, ಬಂದಿಲ್ಲ, ಗಡುವು ಮುಂದಕ್ಕೆ ಹೋಗಿದೆ ಎಂದು ಇನ್ನೊಂದು. ಎರಡಕ್ಕೂ ಆಧಾರ ‘ಬಲ್ಲ ಮೂಲಗಳು’. ನೀರು ಕುಡಿಯಲು ಎದ್ದ ಅವನ ತಾಯಿ ಗಾಬರಿಯಾಗಿ, “ಯಾರಿಗೆ ಏನಾಯಿತೋ?” ಎಂದರು.

“ಏನೂ ಇಲ್ಲಮ್ಮ. ಕ್ಲಬ್ ಮಾರಾಟವಾಗುತ್ತಿದೆ.”

“ಹೌದಾ? ನಿನಗೆ ಎಷ್ಟು ಭಾಗ ಬರುತ್ತದೆ?”

ಈ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳಲ್ಲಿ ಯಾವ ಕ್ರೀಡಾ ಪತ್ರಕರ್ತನೂ ಇಷ್ಟು ನೇರವಾಗಿ ಕೇಳಿದ್ದನ್ನು ನಾನು ಓದಿಲ್ಲ.

ಈ ಹಸು ಜಾತ್ರೆಗೆ ಬಂದದ್ದು ಅದೇ ಮೊದಲಲ್ಲ. 1989ರ ಆಗಸ್ಟಿನಲ್ಲಿ ಮೈಕೆಲ್ ನೈಟನ್ ಎಂಬ ಮಹನೀಯರು ಕ್ಲಬ್ಬನ್ನು ಕೊಳ್ಳುವುದಾಗಿ ಹೇಳಿದರು. ಹೇಳಿ ಸುಮ್ಮನಿರಲಿಲ್ಲ. ಆರ್ಸೆನಲ್ ಎದುರಿನ ಪಂದ್ಯಕ್ಕೆ ಮುನ್ನ ಆಟಗಾರರ ಸಮವಸ್ತ್ರ ತೊಟ್ಟು ಓಲ್ಡ್ ಟ್ರಾಫರ್ಡ್ ಮೈದಾನಕ್ಕಿಳಿದರು. ಪಾದದ ಮೇಲೆ, ತೊಡೆಯ ಮೇಲೆ, ತಲೆಯ ಮೇಲೆ ಚೆಂಡು ಕುಣಿಸಿದರು. ಖಾಲಿ ಗೋಲಿಗೆ ಬೀಸಿ ಒದ್ದರು. ಪ್ರೇಕ್ಷಕರು ಕುಣಿದಾಡಿದರು. ಯುನೈಟೆಡ್ ಆ ದಿನ 4–1ರಿಂದ ಗೆದ್ದಿತು. ಎಲ್ಲವೂ ಸರಿಯಾಗಿತ್ತು, ದುಡ್ಡು ಮಾತ್ರ ಇರಲಿಲ್ಲ. ಜೊತೆಗೆ ನಿಂತಿದ್ದ ಹಣವಂತರು ಹಿಂದೆ ಸರಿದರು, ವ್ಯಾಪಾರ ಮುರಿಯಿತು. ನೈಟನ್ ಮುಂದೆ ಕಾರ್ಲೈಲ್ ಯುನೈಟೆಡ್ ಕೊಂಡರು, ಅಲ್ಲಿ ತಮ್ಮನ್ನು ತಾವೇ ತರಬೇತುದಾರರನ್ನಾಗಿ ನೇಮಿಸಿಕೊಂಡರು. ಆಕಾಶದಲ್ಲಿ ಹಾರುವ ತಟ್ಟೆ ಕಂಡದ್ದಾಗಿ ಅವರು ಹೇಳಿದ್ದು ಪತ್ರಿಕೆಯಲ್ಲಿ ಬಂದದ್ದೂ ಉಂಟು. ಮೂವತ್ತಮೂರು ವರ್ಷ ಕಳೆದು, 2022ರಲ್ಲಿ, ಇದೇ ಮಹಾನುಭಾವರು ಮತ್ತೆ ಮುಂದೆ ಬಂದು ಮ್ಯಾಂಚೆಸ್ಟರ್ ಯುನೈಟೆಡ್ ಕೊಳ್ಳುತ್ತೇನೆ ಎಂದರು. ಜನ ಮತ್ತೆ ಕಿವಿ ನಿಮಿರಿಸಿದರು! ಅದೇ ಆಗಸ್ಟಿನಲ್ಲಿ ಇಲಾನ್ ಮಸ್ಕ್ ಕೂಡ ತಾನು ಯುನೈಟೆಡ್ ಕೊಳ್ಳುತ್ತಿದ್ದೇನೆ ಎಂದು ಒಂದು ಸಾಲು ಬರೆದು, ಕೆಲವೇ ಗಂಟೆಗಳಲ್ಲಿ ತಮಾಷೆ ಎಂದುಬಿಟ್ಟರು. ಆ ಗಂಟೆಗಳಲ್ಲಿ ನನ್ನ ಗೆಳೆಯ ಹೊಸ ಮಾಲೀಕರ ಗುಣದೋಷಗಳ ಬಗ್ಗೆ ನನಗೆ ಕಳುಹಿಸಿದ ಸಂದೇಶಗಳು ಹದಿನೇಳು.

ನಿಜವಾದ ಮಾರಾಟ ನಡೆದದ್ದು 2005ರಲ್ಲಿ. ಅದಕ್ಕೂ ಮೂಲ ಒಂದು ಕುದುರೆ ಎಂದರೆ ನೀವು ನಂಬುವುದಿಲ್ಲ. ರಾಕ್ ಆಫ್ ಜಿಬ್ರಾಲ್ಟರ್ ಎಂಬ ಆ ಕುದುರೆ ಮೇಲ್ದರ್ಜೆಯ ಏಳು ರೇಸುಗಳನ್ನು ಸಾಲಾಗಿ ಗೆದ್ದಿತ್ತು. ಯುನೈಟೆಡ್ ತಂಡದ ತರಬೇತುದಾರ ಸರ್ ಅಲೆಕ್ಸ್ ಫರ್ಗ್ಯುಸನ್ ಆ ಕುದುರೆಯ ಪಾಲುದಾರರು. ಕುದುರೆ ಓಟ ಬಿಟ್ಟು ಬೀಜಕ್ಕೆ ನಿಂತಾಗ ಆ ವರಮಾನದಲ್ಲಿ ಪಾಲು ಯಾರಿಗೆಷ್ಟು ಎಂಬ ಜಗಳ ಹುಟ್ಟಿತು. ಎದುರಾಳಿಗಳು ಐರ್ಲೆಂಡಿನ ಕುದುರೆ ಸಾಹುಕಾರರಾದ ಜಾನ್ ಮ್ಯಾಗ್ನಿಯರ್ ಮತ್ತು ಜೆ. ಪಿ. ಮ್ಯಾಕ್‌ಮಾನಸ್, ಕ್ಲಬ್ಬಿನ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಷೇರು ಅವರ ಬಳಿಯೇ ಇತ್ತು. ಕುದುರೆಯ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು, ಮನಸ್ತಾಪ ಮುಗಿದಂತೆ ಕಾಣಲಿಲ್ಲ. 2005ರ ಮೇ ತಿಂಗಳಲ್ಲಿ ಅವರು ಅಷ್ಟೂ ಷೇರನ್ನು ಅಮೆರಿಕದ ಮಾಲ್ಕಮ್ ಗ್ಲೇಜರ್ ಅವರಿಗೆ ಮಾರಿ ಎದ್ದು ಹೋದರು. ಬೀಜದ ಹೋರಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿ ಹಟ್ಟಿಯನ್ನೇ ಮೂರನೆಯವನಿಗೆ ಮಾರಿದ ಕಥೆ ನಮ್ಮೂರಲ್ಲೂ ಇದೆ. ಅದನ್ನು ನಾವು ಕಾರ್ಪೊರೇಟ್ ವ್ಯವಹಾರ ಎಂದು ಕರೆಯಲಿಲ್ಲ, ಅಷ್ಟೇ.

ಗ್ಲೇಜರ್ ಹಸು ಕೊಂಡ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೆಲೆ ಸುಮಾರು 79 ಕೋಟಿ ಪೌಂಡ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ. ಸಾಲ ಮಾಡಿ ಹಸು ಕೊಳ್ಳುವುದರಲ್ಲಿ ವಿಶೇಷವೇನಿಲ್ಲ, ನಮ್ಮ ಸೊಸೈಟಿಗಳಲ್ಲೂ ಕೊಡುತ್ತಾರೆ. ವಿಶೇಷವೆಂದರೆ ಆ ಸಾಲದ ಪತ್ರವನ್ನು ಹಸುವಿನ ಕೊರಳಿಗೇ ಕಟ್ಟಲಾಯಿತು. ಅಲ್ಲಿಯವರೆಗೆ ಕ್ಲಬ್ಬಿಗೆ ಸಾಲವೇ ಇರಲಿಲ್ಲ. ಈಗ “ಗೌರಮ್ಮಾ, ನಿನ್ನನ್ನು ಕೊಂಡ ದುಡ್ಡನ್ನು ಹಾಲು ಕರೆದು ನೀನೇ ತೀರಿಸು” ಎಂದು ಬೆನ್ನು ಸವರಿ ಮಾಲೀಕರು ಫ್ಲಾರಿಡಾದಲ್ಲಿ ಕುಳಿತರು. ಬಡ್ಡಿ, ಸಾಲದ ಖರ್ಚು, ಲಾಭಾಂಶ ಎಲ್ಲ ಸೇರಿ ಆ ಕೆಚ್ಚಲಿನಿಂದ ಇದುವರೆಗೆ 100 ಕೋಟಿ ಪೌಂಡಿಗೂ ಹೆಚ್ಚು ಹೊರಗೆ ಹರಿದಿದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಗೂ ಇಲ್ಲಿ ಜಾಗವಿಲ್ಲ, ಏಕೆಂದರೆ ಇಲ್ಲಿ ಇಸಕೊಂಡವನು ಒಬ್ಬ, ತೀರಿಸುವುದು ಇನ್ನೊಂದು. ಸಿಟ್ಟಿಗೆದ್ದ ಕೆಲವರು ಆ ವರ್ಷವೇ ಬೇರೆ ಬಿಡಾರ ಹೂಡಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ಕ್ಲಬ್ ಕಟ್ಟಿಕೊಂಡರು. ಉಳಿದವರು 2010ರಲ್ಲಿ ಕ್ಲಬ್ಬಿಗೆ ನ್ಯೂಟನ್ ಹೀತ್ ಎಂಬ ಹಳೆಯ ಹೆಸರಿದ್ದ ಕಾಲದ ಹಸಿರು–ಹೊಂಬಣ್ಣದ ಮಫ್ಲರ್ ಸುತ್ತಿಕೊಂಡು ಪ್ರತಿಭಟಿಸಿದರು. ಟಿಕೆಟ್ ಕೊಂಡು, ಒಳಗೆ ಕುಳಿತು.

ಹಾಗಾದರೆ ಭಕ್ತರಿಗೆ ಬೇಕಾದದ್ದೇನು? ಇನ್ನೊಬ್ಬ ಶ್ರೀಮಂತ. ಈಗಿನವನಿಗಿಂತ ದೊಡ್ಡವನು, ಸಾಧ್ಯವಾದರೆ ಎಣ್ಣೆಬಾವಿ ಇರುವವನು. ನ್ಯೂಕ್ಯಾಸಲ್‌ನಲ್ಲಿ ಇದು ಕಣ್ಣಾರೆ ಕಂಡಿತು. 2021ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ಮುಂದಾಳತ್ವದಲ್ಲಿ ಆ ಕ್ಲಬ್ 30.5 ಕೋಟಿ ಪೌಂಡಿಗೆ ಮಾರಾಟವಾದಾಗ, ಅದರ ಮೈದಾನವಾದ ಸೇಂಟ್ ಜೇಮ್ಸ್ ಪಾರ್ಕ್ ಮುಂದೆ ಸೇರಿದ ಕೆಲವರು ಅಡುಗೆಮನೆಯ ಪಾತ್ರೆ ಒರೆಸುವ ಟವೆಲ್ಲುಗಳನ್ನು ಅರಬರಂತೆ ತಲೆಗೆ ಸುತ್ತಿಕೊಂಡು ಕುಣಿದರು. ವ್ಯಾಪಾರದ ಟವೆಲ್ ಕೈಯಿಂದ ನೇರವಾಗಿ ತಲೆಗೇರಿದ್ದು ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ಸೌದಿ ಸರ್ಕಾರ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲ ಎಂಬ ಕಾನೂನುಬದ್ಧ ಭರವಸೆ ಸಿಕ್ಕಿದೆ ಎಂದು ಇಂಗ್ಲೆಂಡಿನ ಅತ್ಯುನ್ನತ ಲೀಗಾದ ಪ್ರೀಮಿಯರ್ ಲೀಗ್ ಹೇಳಿತು. ನಿಧಿಯ ಅಧ್ಯಕ್ಷರು ಸೌದಿ ಯುವರಾಜರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರಲ್ಲ, ಅದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ನಮ್ಮವರೂ ಈ ಜಾತ್ರೆಯಲ್ಲಿ ಹಿಂದೆ ಬಿದ್ದಿಲ್ಲ. 2010ರಲ್ಲಿ ಪುಣೆಯ ವೆಂಕೀಸ್ ಕೋಳಿ ಕಂಪನಿಯವರು ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡರು. ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕುಳಿತು ಕೋಳಿ ತಿನ್ನುವ ಜಾಹೀರಾತು ಬಂತು. ಎರಡನೆಯ ವರ್ಷಕ್ಕೆ, 2012ರ ಮೇ ತಿಂಗಳ ಒಂದು ಸಂಜೆ, ಅಭಿಮಾನಿಯೊಬ್ಬ ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯನ್ನು ಮೈದಾನಕ್ಕೆ ಬಿಟ್ಟ. ಅದೇ ಸಂಜೆ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಕೋಳಿಗೆ ಮುಂದೇನಾಯಿತೋ, ಕಂಪನಿಯ ಕಸುಬು ನೆನೆದರೆ ಯೋಚಿಸಲು ಭಯವಾಗುತ್ತದೆ.

ಮತ್ತೆ ಮ್ಯಾಂಚೆಸ್ಟರಿಗೆ. 2022ರಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ 250 ಕೋಟಿ ಪೌಂಡಿಗೆ ಹೋದದ್ದನ್ನು ಕಂಡ ಗ್ಲೇಜರ್ ಮಕ್ಕಳಿಗೆ ತಮ್ಮ ಹಸುವಿನ ಬೆಲೆ ಏನಿರಬಹುದೆಂಬ ಕುತೂಹಲ ಹುಟ್ಟಿತೆಂದು ಕಾಣುತ್ತದೆ. ಚೆಲ್ಸಿಯನ್ನು ಮಾರಿಸಿದ ರೇನ್ ಎಂಬ ದಲ್ಲಾಳಿಯನ್ನೇ ಕರೆಸಿದರು. ನವೆಂಬರ್ 22ರಂದು ಟವೆಲ್ ಹಾಸಿಯಾಯಿತು, ಷೇರಿನ ಬೆಲೆ ಚಿಮ್ಮಿತು. ಕತಾರಿನ ಶೇಖ್ ಜಾಸಿಮ್ ಬಿನ್ ಹಮದ್ ಅಲ್ ಥಾನಿ ಎಂಬವರು ನೂರಕ್ಕೆ ನೂರು ಕೊಳ್ಳುತ್ತೇನೆ, ಸಾಲವಿಲ್ಲದೆ ಕೊಳ್ಳುತ್ತೇನೆ ಎಂದರು. ಸಾಲವಿಲ್ಲದೆ ಎಂಬ ಮಾತು ಕೇಳಿ ಗೆಳೆಯನ ಕಣ್ಣಲ್ಲಿ ನೀರು. ಶೇಖರ ನಿಯೋಗ ಬಂದು ಮೈದಾನ ನೋಡಿತು. ಹಲ್ಲು ಎಣಿಸಿತು, ಸುಳಿ ನೋಡಿತು, ಲೆಕ್ಕದ ಪುಸ್ತಕ ತಿರುವಿತು. ಶೇಖರು ಮಾತ್ರ ಕಾಣಲಿಲ್ಲ. ಎಂಟು ತಿಂಗಳು ಲೋಕದ ಪತ್ರಿಕೆಗಳೆಲ್ಲ ಅವರ ಅದೇ ಒಂದೆರಡು ಫೋಟೋಗಳನ್ನು ತಿರುಗಿಸಿ ಮುರುಗಿಸಿ ಅಚ್ಚು ಹಾಕಿದವು. ಗಂಡಿನ ಫೋಟೋ ಒಂದೇ ಇದ್ದರೆ ನಮ್ಮಲ್ಲಿ ಜಾತಕವನ್ನೇ ವಾಪಸು ಕಳುಹಿಸುತ್ತಾರೆ. ಗೆಳೆಯ ಮಾತ್ರ ಅದನ್ನು ಮೊಬೈಲಿನ ಮುಖಪುಟಕ್ಕೆ ಹಾಕಿಕೊಂಡಿದ್ದ.

ಎದುರಿಗಿದ್ದವರು ಸರ್ ಜಿಮ್ ರ‍್ಯಾಟ್‌ಕ್ಲಿಫ್. ರಾಸಾಯನಿಕ ಉದ್ಯಮಿ, ಮ್ಯಾಂಚೆಸ್ಟರ್ ಪಕ್ಕದ ಫೇಲ್ಸ್‌ವರ್ತ್‌ನಲ್ಲಿ ಹುಟ್ಟಿದವರು, ವಾಸ ಮೊನಾಕೊದಲ್ಲಿ. ಬಾಲ್ಯದಿಂದ ಯುನೈಟೆಡ್ ಅಭಿಮಾನಿ. ಹಿಂದಿನ ವರ್ಷವಷ್ಟೇ ಚೆಲ್ಸಿಗೆ ಬೆಲೆ ಕೂಗಿದ್ದರು, ಆದರೆ ಬಾಲ್ಯದ ಅಭಿಮಾನ ಅಂಥ ಸಣ್ಣ ವಿಷಯಗಳಿಗೆ ಅಲುಗುವಂಥದ್ದಲ್ಲ.

ಸುತ್ತಿನ ಮೇಲೆ ಸುತ್ತು. ಸೆಪ್ಟೆಂಬರಿನಲ್ಲಿ ಮಾಲೀಕರು ಮಾರುವುದೇ ಇಲ್ಲವಂತೆ ಎಂಬ ಒಂದು ವರದಿ ಬಂದು ಒಂದೇ ದಿನದಲ್ಲಿ ಷೇರು ಶೇ. 18ರಷ್ಟು ಕುಸಿಯಿತು. ಹಸು ಅದೇ ಹಸು, ಹಾಲು ಅದೇ ಹಾಲು. ಅಕ್ಟೋಬರಿನಲ್ಲಿ ಶೇಖರು ಬೆರಳು ಬಿಡಿಸಿಕೊಂಡರು. ಕ್ರಿಸ್‌ಮಸ್ ಹಿಂದಿನ ದಿನ ಟವೆಲ್ ಎತ್ತಿದರೆ ಕಂಡದ್ದು ಇಷ್ಟು: ರ‍್ಯಾಟ್‌ಕ್ಲಿಫ್ ನಾಲ್ಕನೆಯ ಒಂದು ಭಾಗ ಕೊಳ್ಳುತ್ತಾರೆ. ಮಾರುಕಟ್ಟೆಯಲ್ಲಿ 20 ಡಾಲರ್ ಆಸುಪಾಸಿನಲ್ಲಿದ್ದ ಷೇರಿಗೆ 33 ಡಾಲರ್ ಕೊಡುತ್ತಾರೆ. ಹಸುವಿಗೆ ನಾಲ್ಕು ಮೊಲೆ. ಅವರು ಕೊಂಡದ್ದು ಒಂದು. ಆದರೆ ಮೇವು, ಸಗಣಿ, ಮೈ ತೊಳೆಯುವುದು, ಅಂದರೆ ಆಟದ ಆಡಳಿತ ಪೂರ್ತಿ ಅವರದೇ. ಮುಂದೆ ಇನ್ನಷ್ಟು ದುಡ್ಡು ಹಾಕಿ ಪಾಲನ್ನು ಶೇ. 28.94ಕ್ಕೆ ಏರಿಸಿಕೊಂಡರು, ಬಾಲದ ತುದಿಯೂ ಸಿಕ್ಕಿತು ಎನ್ನೋಣ. ಹಗ್ಗ ಮಾತ್ರ ಗ್ಲೇಜರ್ ಮಕ್ಕಳ ಕೈಯಲ್ಲೇ ಇದೆ.

ಹೊಸ ಯಜಮಾನರು ಬಂದ ಮೇಲೆ ಮೊದಲು ಕಂಡ ದುಂದು ಯಾವುದು ಗೊತ್ತೇ? ನೌಕರರ ಮಧ್ಯಾಹ್ನದ ಊಟ. 2024ರಲ್ಲಿ ಸುಮಾರು 250 ಮಂದಿಯ ಕೆಲಸ ಹೋಯಿತು. ಮರುವರ್ಷ ಇನ್ನೂ 200ರವರೆಗೆ ಎಂದರು. ಉಳಿದವರಿಗೆ ಓಲ್ಡ್ ಟ್ರಾಫರ್ಡ್‌ನಲ್ಲಿ ಉಚಿತ ಊಟದ ಬದಲು ಹಣ್ಣು, ಅಭ್ಯಾಸದ ಮೈದಾನದಲ್ಲಿ ಸೂಪು ಮತ್ತು ಬ್ರೆಡ್ಡು. ಫರ್ಗ್ಯುಸನ್ ಅವರ ರಾಯಭಾರಿ ಸಂಭಾವನೆಗೂ ಕತ್ತರಿ. ಋತುವಿನ ನಡುವೆ ಉಳಿದ ಟಿಕೆಟ್ಟುಗಳಿಗೆ 66 ಪೌಂಡ್, ಮಕ್ಕಳೆಂದಿಲ್ಲ, ಮುದುಕರೆಂದಿಲ್ಲ. ಹೀಗೆ ಕಾಸಿಗೆ ಕಾಸು ಕೂಡಿಸುತ್ತಿದ್ದಾಗಲೇ ತರಬೇತುದಾರ ಎರಿಕ್ ಟೆನ್ ಹಾಗ್ ಅವರ ಒಪ್ಪಂದವನ್ನು 2024ರ ಜುಲೈಯಲ್ಲಿ ವಿಸ್ತರಿಸಿ ಅಕ್ಟೋಬರಿನಲ್ಲಿ ಕಿತ್ತುಹಾಕಿದರು. ಹಟ ಹಿಡಿದು ಕರೆತಂದ ಕ್ರೀಡಾ ನಿರ್ದೇಶಕರನ್ನು ಐದೇ ತಿಂಗಳಲ್ಲಿ ಸಾಗಹಾಕಿದರು. ಈ ಎರಡು ಬೀಳ್ಕೊಡುಗೆಗಳ ಖರ್ಚು 1.45 ಕೋಟಿ ಪೌಂಡ್. ಅದರಲ್ಲಿ ಎಷ್ಟು ಬಟ್ಟಲು ಸೂಪು ಬರುತ್ತಿತ್ತು ಎಂದು ಗೆಳೆಯ ಲೆಕ್ಕ ಹಾಕಲು ಹೊರಟು, ಮನಸ್ಸು ಕೆಟ್ಟು ನಿಲ್ಲಿಸಿದ. ಆ ಋತುವಿನಲ್ಲಿ ತಂಡಕ್ಕೆ 15ನೆಯ ಸ್ಥಾನ. ಮಳೆ ಬಂದರೆ ಮೈದಾನದ ಚಾವಣಿ ಜೋಗದಂತೆ ಸುರಿಯುತ್ತದೆ. ಅದಕ್ಕೆ ಪರಿಹಾರವಾಗಿ 200 ಕೋಟಿ ಪೌಂಡಿನ, ಒಂದು ಲಕ್ಷ ಆಸನಗಳ ಹೊಸ ಕ್ರೀಡಾಂಗಣದ ಚಿತ್ರ ತೋರಿಸಿದ್ದಾರೆ. ಆಕಾರ ದೊಡ್ಡ ಛತ್ರಿಯದು. ಸದ್ಯಕ್ಕೆ ಭಕ್ತರು ಸಣ್ಣ ಛತ್ರಿ ತಂದುಕೊಳ್ಳುವುದು ಕ್ಷೇಮ.

ಇನ್ನು ಮುಂದೆ ಮಾರಾಟದ ಸುದ್ದಿ ಓದುವುದಿಲ್ಲ ಎಂದು ಗೆಳೆಯ ಆಣೆ ಮಾಡಿದ್ದ. ಆಣೆ ಉಳಿದದ್ದು 2025ರ ನವೆಂಬರಿನವರೆಗೆ. ಹದಿನೆಂಟು ವರ್ಷ ಕಾದು ಆರ್‌ಸಿಬಿ ಕಪ್ ಗೆದ್ದು ಆಗಿನ್ನೂ ಐದು ತಿಂಗಳು. ತಂಡದ ಒಡೆತನ ಹೊಂದಿದ್ದ ಮದ್ಯದ ಕಂಪನಿ ತನ್ನ ಹೂಡಿಕೆಯ ‘ವ್ಯೂಹಾತ್ಮಕ ಪರಾಮರ್ಶೆ’ ಆರಂಭಿಸಿರುವುದಾಗಿ ಷೇರುಪೇಟೆಗೆ ತಿಳಿಸಿತು. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು.

“ನಮ್ಮ ಊರಲ್ಲೇ ಟವೆಲ್ ಹಾಸಿಬಿಟ್ಟರು ಕಣೋ. ನಿನಗೆ ಪತ್ರಿಕೆಯವರು ಗೊತ್ತಲ್ಲ, ಒಳಗೆ ಯಾರ ಬೆರಳಿದೆ ಎಂದು ಸ್ವಲ್ಪ ವಿಚಾರಿಸು.”

ನಾನು ಏನಾದರೂ ಹೇಳುವ ಮೊದಲೇ ಹಿಂದಿನಿಂದ ಅವನ ತಾಯಿಯ ದನಿ ಕೇಳಿಸಿತು.

“ಈ ಸಲವಾದರೂ ಭಾಗ ಬರುತ್ತದಂತಾ, ಕೇಳು.”