ಮುಳ್ಳು ಓರೆಯಾಗಿದ್ದಕ್ಕೆ ಕರೆಂಟೇ ಕಾರಣವಂತೆ

ಮೈಸೂರಿನ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಮುಂಚೆ ವಾಸ್ತು ನೋಡುವವರು ಬರುವುದುಂಟು. ಕಬ್ಬಿಣದ ಗೇಟಿಗೆ ಒರಗಿ ನಿಂತು ದಿಕ್ಸೂಚಿ ತೆಗೆಯುತ್ತಾರೆ. ಮುಳ್ಳು ಓರೆಯಾದರೆ ಕತ್ತೆತ್ತಿ, "ಮೇಲೆ ಲೈನ್ ಹೋಗಿದೆಯಲ್ಲ ಸ್ವಾಮಿ, ಕರೆಂಟು ಎಳೀತಿದೆ" ಎಂದುಬಿಡುತ್ತಾರೆ. ಮನೆಯವರು ಪಾಪ, ಬಾಗಿಲು ಕಿತ್ತು ಆ ಕಡೆ ಇಡುವ ಖರ್ಚಿನ ಲೆಕ್ಕಕ್ಕೆ ಕೂರುತ್ತಾರೆ. ಗೇಟನ್ನು ಯಾರೂ ಸಂಶಯಿಸುವುದಿಲ್ಲ.

ಬೀದಿಯ ಲೈನು ಎಸಿ, ಅಂದರೆ ಹಿಂದೆ ಮುಂದೆ ಹರಿಯುವ ಕರೆಂಟು. ಸೆಕೆಂಡಿಗೆ 50 ಆವರ್ತ, ಅಂದರೆ ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. ಮುಳ್ಳು ಪೂರ್ವಕ್ಕೆ ಹೊರಡುವಷ್ಟರಲ್ಲಿ ಪಶ್ಚಿಮಕ್ಕೆ ಕರೆ ಬಂದಿರುತ್ತದೆ. ಪಾಪದ್ದು ಇದ್ದಲ್ಲೇ ಇರುತ್ತದೆ. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ದೂರ ಕರೆಂಟು ಹೋಯಿತಲ್ಲ, ಅದೂ ಎಸಿಯೇ. ದೂರ ಸಾಗಿಸಲು ವೋಲ್ಟೇಜು ಏರಿಸಬೇಕು, ಏರಿಸಲು ಟ್ರಾನ್ಸ್‌ಫಾರ್ಮರ್ ಬೇಕು, ಟ್ರಾನ್ಸ್‌ಫಾರ್ಮರ್‌ಗೆ ಎಸಿಯೇ ಬೇಕು. ಆ ತಂತಿಯ ಬುಡದಲ್ಲಿ ಊರಿಗೆ ಊರೇ ದಿಕ್ಸೂಚಿ ಹಿಡಿದು ನಿಂತಿದ್ದರೂ ಕರೆಂಟಿನಿಂದ ಒಂದು ಮುಳ್ಳೂ ಪಕ್ಕಕ್ಕೆ ಸರಿಯುತ್ತಿರಲಿಲ್ಲ. 1820ರಲ್ಲಿ ಕೋಪನ್‌ಹೇಗನ್‌ನಲ್ಲಿ ವಿಜ್ಞಾನಿ ಅರ್ಸ್ಟೆಡ್‌ಗೆ ತಂತಿಯ ಪಕ್ಕದ ಮುಳ್ಳು ತಿರುಗಿದ್ದು ಕಂಡಿತೆಂದರೆ ಆತನ ಬಳಿ ಇದ್ದದ್ದು ಬ್ಯಾಟರಿ, ಅದರ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ, ಅದಕ್ಕೆ.

ನಿಜಕ್ಕೂ ತಿರುಗಿಸಿ ನೋಡುವ ಆಸೆಯಿದ್ದರೆ ಮರದ ಮೇಜು ಹುಡುಕಿ. ಮೊಬೈಲು ದೂರವಿಡಿ, ಅದರ ಸ್ಪೀಕರಿನಲ್ಲಿ ಅಯಸ್ಕಾಂತವಿದೆ. ತಾಮ್ರದ ತಂತಿ ಮುಳ್ಳಿನ ಮೇಲೆ ಎರಡು ಸೆಂಟಿಮೀಟರು ಎತ್ತರದಲ್ಲಿ, ಮುಳ್ಳಿಗೆ ಸಮಾನಾಂತರವಾಗಿ, ಉತ್ತರ ದಕ್ಷಿಣವಾಗಿರಲಿ. ಒಂದು ಆಂಪಿಯರ್ ಕರೆಂಟು ಹರಿದರೆ ಅಲ್ಲಿ ತಂತಿಯ ಅಯಸ್ಕಾಂತ ಬಲ 10 ಮೈಕ್ರೋಟೆಸ್ಲಾ. ನಮ್ಮ ಕಡೆ ಭೂಮಿಯದು, ನೆಲಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಎಳೆಯುವ ಪಾಲು, ಸುಮಾರು 40. ಹಾಗಾಗಿ ಮುಳ್ಳು ತಿರುಗುವುದು 14 ಡಿಗ್ರಿಯಷ್ಟೇ. ಕರೆಂಟು ದಕ್ಷಿಣದಿಂದ ಉತ್ತರಕ್ಕೆ ಹೋದರೆ ಪಶ್ಚಿಮದ ಕಡೆಗೆ. ಬ್ಯಾಟರಿ ಸೆಲ್ಲಿಗೆ ತಂತಿಯನ್ನು ನೇರ ಮುಟ್ಟಿಸಿ ಹಿಡಿದುಕೊಂಡಿರಬೇಡಿ, ಎರಡೂ ಕಾಯುತ್ತವೆ. ನಡುವೆ ಕರೆಂಟಿಗೆ ಮಿತಿ ಹಾಕುವ ಒಂದು ಓಮಿನ ರೆಸಿಸ್ಟರ್ ಹಾಕಿ. ವಾಪಸು ಬರುವ ತಂತಿಯನ್ನು ದೂರದಿಂದ ಸುತ್ತಿಸಿ ತನ್ನಿ. ಜೋಡಿ ವೈರನ್ನೇ ಮುಳ್ಳಿನ ಮೇಲೆ ಎಳೆದರೆ ಹೋಗುವ ಕರೆಂಟಿನ ಪ್ರಭಾವವನ್ನು ಬರುವ ಕರೆಂಟು ಅಳಿಸಿಹಾಕುತ್ತದೆ.

ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಇದಷ್ಟನ್ನೂ ಸರಿಯಾಗಿ ಮಾಡಿ, ಮೇಜನ್ನು ಮಾತ್ರ ಗೋಡೆಗೆ ಒಪ್ಪವಾಗಿ ಕಾಣಲೆಂದು ತಿರುಗಿಸಿರುತ್ತಾರೆ. ತಂತಿ ಪೂರ್ವ ಪಶ್ಚಿಮವಾಗಿಬಿಡುತ್ತದೆ. ಆಗ ತಂತಿಯ ಬಲ ಭೂಮಿಯ ಬಲದ ಗೆರೆಯಲ್ಲೇ ಇರುವುದರಿಂದ ಮುಳ್ಳು ಮಿಸುಕುವುದಿಲ್ಲ. ಅದೇ ಎತ್ತರದಲ್ಲಿ ಅದನ್ನು ಉಲ್ಟಾ ಮಾಡಬೇಕಾದರೆ ನಾಲ್ಕು ಆಂಪಿಯರ್ ದಾಟಬೇಕು. ಮಕ್ಕಳು ಬೈಸಿಕೊಳ್ಳುತ್ತಾರೆ, ಹೊಸ ಸೆಲ್ಲು ತರಲು ಅಂಗಡಿಗೆ ಓಡುತ್ತಾರೆ. ಮೇಜನ್ನು ಕಾಲುಸುತ್ತು ತಿರುಗಿಸಿದರೆ ಹಳೇ ಸೆಲ್ಲೇ ಸಾಕು.