ಕಾಲ ಮೇಲೆ ಕಾಲು ಹಾಕಿದ ಹೆಣ

ಮೊದಲ ಮಹಾಯುದ್ಧದ ಸಾಕ್ಷ್ಯಚಿತ್ರಗಳಲ್ಲಿ ಪದೇ ಪದೇ ಕಾಣುವ ದೃಶ್ಯವೊಂದಿದೆ. ಸೈನಿಕರು ಕಂದಕದಿಂದ ಮೇಲೆ ಹತ್ತುತ್ತಾರೆ, ಒಬ್ಬ ಅಂಚಿನಲ್ಲೇ ಕುಸಿದು ಕೆಳಕ್ಕೆ ಜಾರುತ್ತಾನೆ, ಉಳಿದವರು ಹೊಗೆಯೊಳಗೆ ನಡೆದು ಹೋಗುತ್ತಾರೆ. 1916ರ ಆಗಸ್ಟ್‌ನಲ್ಲಿ ತೆರೆಕಂಡ, ಫ್ರಾನ್ಸಿನ ಸೋಮ್ ನದಿ ಬಳಿಯ ಕದನದ ಬಗೆಗಿನ ಬ್ರಿಟಿಷ್ ಚಿತ್ರ ‘ದಿ ಬ್ಯಾಟಲ್ ಆಫ್ ದಿ ಸೋಮ್’ನ ತುಣುಕು ಅದು. ರಣರಂಗದ ಹಿಂದೆ, ತರಬೇತಿ ಶಾಲೆಯಲ್ಲಿ ಆಡಿಸಿ ತೆಗೆದದ್ದು. ನಿಧಾನಕ್ಕೆ ನೋಡಿ: ಬೆನ್ನ ಮೇಲೆ ಹೊರೆಯಿಲ್ಲ, ಮುಳ್ಳುತಂತಿ ಹೆಸರಿಗಷ್ಟೇ ಇದೆ. ನಿಜವಾದ ದಾಳಿಯಾಗಿದ್ದರೆ ಕ್ಯಾಮೆರಾ ನಿಂತ ಜಾಗದಲ್ಲಿ ಯಾರೂ ನಿಲ್ಲುವ ಹಾಗಿರಲಿಲ್ಲ. ಇನ್ನು ‘ಸತ್ತು’ ಬಿದ್ದವನೊಬ್ಬ ಆರಾಮಾಗಿ ಕಾಲ ಮೇಲೆ ಕಾಲು ಹಾಕಿಕೊಳ್ಳುತ್ತಾನೆ!

ಹಾಗಂತ ಇಡೀ ಚಿತ್ರವೇ ಬೊಗಳೆಯೇನಲ್ಲ. ಕದನ ಶುರುವಾದ ಜುಲೈ 1ರ ಬೆಳಿಗ್ಗೆ 7:20ಕ್ಕೆ ಜರ್ಮನ್ನರ ಹಿಡಿತದಲ್ಲಿದ್ದ ಹಾಥಾರ್ನ್ ದಿಬ್ಬದ ಅಡಿ ಹೂತಿಟ್ಟ ಸ್ಫೋಟಕ ಸಿಡಿದು ಮಣ್ಣು ಆಕಾಶಕ್ಕೇಳುವುದು ಅಪ್ಪಟ ಅಸಲಿ. ಆ ಒಂದೇ ದಿನ ಬ್ರಿಟಿಷರ ಕಡೆ 19,240 ಜನ ಸತ್ತರು. ಆದರೆ ಜನರ ಕಣ್ಣಲ್ಲಿ ಉಳಿದದ್ದು ನಟನೆಯ ಆ ಕೆಲವೇ ಸೆಕೆಂಡು.

ಈ ತೊಂದರೆ ಇವತ್ತಿಗೂ ಹೋಗಿಲ್ಲ. ಆ ಯುದ್ಧದಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಫಿರಂಗಿ. ಮೈಲುಗಟ್ಟಲೆ ದೂರದಿಂದ ಬರುವ ಶೆಲ್ಲಿಗೆ ಮುಖವಿಲ್ಲ, ಡೈಲಾಗೂ ಇಲ್ಲ. ಹಾಗಾಗಿ ತೆರೆ ಮೇಲೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ, ಬಯೋನೆಟ್ಟೇ ಹೀರೋ. ಗ್ರೆನೇಡ್ ಸಿಡಿದರೆ ಏಳುವ ಕಿತ್ತಳೆ ಬಣ್ಣದ ಬೆಂಕಿಯುಂಡೆ ಪೆಟ್ರೋಲಿನದು. ಅಸಲಿ ಗ್ರೆನೇಡಿನಲ್ಲಿ ಕಾಣುವುದು ರೆಪ್ಪೆ ಮಿಟುಕಿಸುವಷ್ಟು ಹೊತ್ತಿನ ಮಿಂಚು, ಆಮೇಲೆ ಬೂದು ದೂಳು. ಕೊಲ್ಲುವುದು ಲೋಹದ ಚೂರು. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡ್ ಬೇಕು, ಸಿನಿಮಾದಲ್ಲೋ ದೂರದ ಸ್ಫೋಟವೂ ಸದ್ದೂ ಒಟ್ಟಿಗೇ. ಇದ್ದ ಹಾಗೇ ತೋರಿಸಿದರೆ ‘ಸಿಂಕ್ ತಪ್ಪಿದೆ’ ಅಂತ ಪ್ರೇಕ್ಷಕರೇ ಗೊಣಗುತ್ತಾರೆ.

ಯೋಧರೇ ಬರೆದ ಪುಸ್ತಕಗಳಾದರೂ ಬೇರೆಯೇ? ಜರ್ಮನ್ ಸೈನಿಕ ಅರ್ನ್ಸ್ಟ್ ಯೂಂಗರ್ ಕಂದಕದಲ್ಲೇ ದಿನಚರಿ ಇಟ್ಟವನು. ಅದನ್ನು ಆಧರಿಸಿ 1920ರಲ್ಲಿ ಪ್ರಕಟಿಸಿದ ನೆನಪುಗಳನ್ನು ಮತ್ತೆ ಮತ್ತೆ ತಿದ್ದಿದ. 1924ರ ಆವೃತ್ತಿಯ ಕೊನೆಗೆ ರಾಷ್ಟ್ರವಾದಿ ಘೋಷಣೆ ಸೇರಿಕೊಂಡಿತು, 1934ರಲ್ಲಿ ಅದನ್ನು ತಾನೇ ತೆಗೆದುಹಾಕಿದ. ಗುಂಡೂ ಅದೇ, ಗಾಯವೂ ಅದೇ, ಅದು ಯಾತಕ್ಕಾಗಿ ಎಂಬುದು ಮಾತ್ರ ಬದಲಾಗುತ್ತಾ ಹೋಯಿತು.

ಇಂಥ ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದ್ದು ಇಸವಿ: ಬರೆದದ್ದು ಯಾವಾಗ, ಇದು ಎಷ್ಟನೇ ಆವೃತ್ತಿ. ಹದಿನೈದು ವರ್ಷ ಹಳೆಯ ಮಾತುಕತೆ ಅಕ್ಷರ ತಪ್ಪದೆ ಬಂದಿದ್ದರೆ ಅದು ಲೇಖಕನ ಕೈಚಳಕ. ಹೇನು, ಭೇದಿ, ಒದ್ದೆ ಕಾಲುಚೀಲ, ಬಾರದ ಊಟ ಇರುವ ಪುಟಗಳನ್ನು ನಾನಂತೂ ಹೆಚ್ಚು ನಂಬುತ್ತೇನೆ. ಮೆರೆಯುವುದಕ್ಕೆ ಅಂತ ಅವನ್ನು ಯಾರೂ ಬರೆಯುವುದಿಲ್ಲ.

ಇತಿಹಾಸಕಾರ ಆಲಿಸ್ಟೇರ್ ಥಾಮ್ಸನ್ 1980ರ ದಶಕದಲ್ಲಿ ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಆಸ್ಟ್ರೇಲಿಯಾದ ವಯಸ್ಸಾದ ಮಾಜಿ ಸೈನಿಕರನ್ನು ಮಾತಾಡಿಸಿದಾಗ, ಕೆಲವರು ಅದೇ ಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ನಡೆದ ಕಾಳಗದ ಬಗೆಗಿನ 1981ರ ‘ಗಲಿಪೊಲಿ’ ಸಿನಿಮಾದ ದೃಶ್ಯಗಳನ್ನೇ ತಮ್ಮ ಅನುಭವವೆಂಬಂತೆ ಹೇಳಿದರಂತೆ. ಹೇಳಿದವರು ಆ ಯುದ್ಧ ಮಾಡಿ ಬಂದವರೇ.